ಎಫ್-150, ಸಿಲ್ವರಾಡೊ, ರಾಮ್: ಕಂಪನಿ ದುಡ್ಡು ಎಲ್ಲಿ ಸುರಿದಿದೆ ನೋಡಿ ಆರಿಸಿ

ಅಮೆರಿಕದಲ್ಲಿ ಸ್ವಂತ ಮನೆ ಆಯಿತೆಂದರೆ ಪಿಕಪ್‌ನ ಮಾತು ಬಂದೇ ಬರುತ್ತದೆ. ಪ್ಲೈವುಡ್ ತರಬೇಕು, ತೋಟಕ್ಕೆ ಮಣ್ಣು ಹೊಡೆಸಬೇಕು, ಬೇಸಿಗೆಯಲ್ಲಿ ಕ್ಯಾಂಪರ್ (ಎಳೆದೊಯ್ಯುವ ಪುಟ್ಟ ಮನೆ) ಕಟ್ಟಿಕೊಂಡು ಹೊರಡಬೇಕು. ಶೋರೂಮಿನಲ್ಲಿ ಎದುರಾಗುವುದು ಹೆಚ್ಚಾಗಿ ಮೂರೇ ಹೆಸರು: ಫೋರ್ಡ್ ಎಫ್-150, ಜನರಲ್ ಮೋಟರ್ಸ್‌ನ ಷೆವರ್ಲೆ ಸಿಲ್ವರಾಡೊ 1500 (ಜಿಎಂಸಿ ಸಿಯೆರಾ ಇದರದೇ ಒಡಹುಟ್ಟು), ಸ್ಟೆಲ್ಯಾಂಟಿಸ್‌ನ ರಾಮ್ 1500. ಕೈಪಿಡಿ ಓದಿದರೆ ಮೂರಕ್ಕೂ ಹೆಚ್ಚು ವ್ಯತ್ಯಾಸ ಕಾಣುವುದಿಲ್ಲ. ನಾಲ್ಕು ಬಾಗಿಲು, ಗಿಡ್ಡ ಬೆಡ್ (ಹಿಂಬದಿಯ ತೆರೆದ ತೊಟ್ಟಿ) ಇರುವ ಮಾದರಿ ತಗೊಂಡರೆ ಮೂರೂ ಸುಮಾರು 232 ಇಂಚು ಉದ್ದ, ಶಕ್ತಿಯೂ ಹೆಚ್ಚುಕಡಿಮೆ ಅಷ್ಟಕ್ಕಷ್ಟೇ.

ಆದರೆ ಒಂದು ಗಾಡಿಯ ಮೇಲೆ ಕಂಪನಿ ಹಾಕುವ ಹಣಕ್ಕೆ ಮಿತಿ ಉಂಟು. ಒಂದು ಕಡೆ ಸುರಿದರೆ ಇನ್ನೊಂದು ಕಡೆ ಕೈ ಬಿಗಿ ಹಿಡಿಯಲೇಬೇಕು. ಫೋರ್ಡ್ ಮೈತೂಕ ಇಳಿಸುವುದಕ್ಕೂ ಟರ್ಬೊ ಎಂಜಿನ್‌ಗೂ ಸುರಿಯಿತು. ಜಿಎಂ ಬೆಡ್‌ಗೆ ಮತ್ತು ಹಳೇ ವಿ8 ಅನ್ನು ಬದುಕಿಸಿಕೊಳ್ಳುವುದಕ್ಕೆ ಹಾಕಿತು. ರಾಮ್ ಹಿಂದಿನ ಸಸ್ಪೆನ್ಶನ್‌ಗೂ ಒಳಾಂಗಣಕ್ಕೂ ಖರ್ಚು ಮಾಡಿತು. ನಿಮ್ಮ ಉಪಯೋಗ ಯಾವ ಜಾಗದಲ್ಲಿ ಬೀಳುತ್ತದೋ ಅಲ್ಲಿ ದುಡ್ಡು ಹಾಕಿದವರ ಗಾಡಿ ನಿಮಗೆ ಹೊಂದುತ್ತದೆ. ಗಾಡಿ ಕೆಟ್ಟರೂ ಬಹುಮಟ್ಟಿಗೆ ಅದೇ ಹೊಸ ಜಾಗದಲ್ಲೇ ಕೆಡುತ್ತದೆ.

ಕಾರು ಬಿಟ್ಟು ಟ್ರಕ್ ಹಿಡಿದದ್ದು ಯಾಕೆ

ಕರ್ನಾಟಕದವರಿಗೆ ಫೋರ್ಡ್ ಅಂದರೆ ಐಕಾನ್, ಫಿಗೊ, ಇಕೋಸ್ಪೋರ್ಟ್. ಷೆವರ್ಲೆ ಅಂದರೆ ಟವೆರಾ, ಬೀಟ್. ಜಿಎಂ ಭಾರತದಲ್ಲಿ ಮಾರಾಟ ನಿಲ್ಲಿಸಿದ್ದು 2017ರಲ್ಲಿ, ಫೋರ್ಡ್ ಹೊರಡುತ್ತೇನೆ ಎಂದದ್ದು 2021ರಲ್ಲಿ. ತಮ್ಮ ಊರಲ್ಲೂ ಇವರು ಮಾಡಿದ್ದು ಅದನ್ನೇ. ಆಗ ಇನ್ನೂ ಫಿಯೆಟ್ ಕ್ರೈಸ್ಲರ್ ಆಗಿದ್ದ ಇಂದಿನ ಸ್ಟೆಲ್ಯಾಂಟಿಸ್ 2016ರಲ್ಲೇ ಡಾರ್ಟ್ ಮತ್ತು 200 ಸೆಡಾನ್‌ಗಳನ್ನು ನಿಲ್ಲಿಸಿತು. 2018ರಲ್ಲಿ ಫೋರ್ಡ್, ಅಮೆರಿಕದಲ್ಲಿ ಮಸ್ಟಾಂಗ್ ಉಳಿಸಿಕೊಂಡು ಎಲ್ಲ ಸೆಡಾನ್‌ಗಳಿಗೆ ಮಂಗಳ ಹಾಡುವುದಾಗಿ ಹೇಳಿತು. ಜಿಎಂನ ಮಾಲಿಬು 2024ರ ನವೆಂಬರ್ ತನಕ ಎಳೆಯಿತು.

ಇದರ ಹಿಂದೆ ಎರಡು ಕಟ್ಟಳೆಗಳಿವೆ. ಯುರೋಪಿನವರು ಅಮೆರಿಕದ ಕೋಳಿಗೆ ಸುಂಕ ಹಾಕಿದ ಸಿಟ್ಟಿಗೆ 1964ರಿಂದ ಆಮದು ಟ್ರಕ್‌ಗಳ ಮೇಲೆ ಶೇ 25 ಸುಂಕ ಬಂತು. ಕೋಳಿ ಜಗಳ ಯಾವತ್ತೋ ಮುಗಿಯಿತು, ಟ್ರಕ್ ಸುಂಕ ಉಳಿಯಿತು. ಎರಡನೆಯದು ಮೈಲೇಜ್ ನಿಯಮ: ಗಾಡಿ ನೆಲದ ಮೇಲೆ ಎಷ್ಟು ಜಾಗ ಹಿಡಿಯುತ್ತದೆ ಎಂಬುದರ ಮೇಲೆ ಗುರಿ ನಿಗದಿ, ಟ್ರಕ್‌ಗೆ ಕಾರಿಗಿಂತ ಸಡಿಲ ಗುರಿ. ಜಪಾನಿನವರ ಪೈಪೋಟಿ ಕಡಿಮೆ, ಗಾಡಿ ದೊಡ್ಡದಾದಷ್ಟೂ ಅನುಕೂಲ. ಲಾಭ ಇರುವ ಕಡೆ ಮೂವರೂ ಓಡಿದರು. ಎಫ್-ಸೀರೀಸ್ 1977ರಿಂದ ಇಲ್ಲಿಯವರೆಗೆ ಅಮೆರಿಕದಲ್ಲಿ ಅತಿ ಹೆಚ್ಚು ಮಾರಾಟವಾಗುವ ಟ್ರಕ್.

ಇನ್ನೊಂದು ಸಂಗತಿ ಬೆಲೆಗೆ ಸಂಬಂಧಿಸಿದ್ದು. 1920ರ ದಶಕದಲ್ಲಿ ಜಿಎಂನ ಆಲ್ಫ್ರೆಡ್ ಸ್ಲೋನ್ ಷೆವರ್ಲೆಯಿಂದ ಕ್ಯಾಡಿಲ್ಯಾಕ್ ತನಕ ಬ್ರಾಂಡ್‌ಗಳ ಏಣಿ ಕಟ್ಟಿದರು. ಸಂಬಳ ಏರಿದಂತೆ ಗಿರಾಕಿ ಮೆಟ್ಟಿಲು ಹತ್ತಬೇಕು. ಈಗ ಆ ಏಣಿ ಒಂದೇ ಟ್ರಕ್ಕಿನೊಳಗೆ ಸೇರಿಕೊಂಡಿದೆ, ಮೆಟ್ಟಿಲಿಗೆ ಟ್ರಿಮ್ ಎಂದು ಹೆಸರು. ಫೋರ್ಡ್‌ನಲ್ಲಿ ಎಕ್ಸ್‌ಎಲ್‌, ಎಕ್ಸ್‌ಎಲ್‌ಟಿ, ಲಾರಿಯಟ್, ಕಿಂಗ್ ರ‍್ಯಾಂಚ್, ಪ್ಲಾಟಿನಂ. ರಾಮ್‌ನಲ್ಲಿ ಟ್ರೇಡ್ಸ್‌ಮನ್‌ನಿಂದ ಟಂಗ್‌ಸ್ಟನ್ ವರೆಗೆ. ಅಡಿಯ ಚಾಸಿಸ್ ಬಹುಮಟ್ಟಿಗೆ ಅದೇ, ಮೇಲಿನ ಮೆಟ್ಟಿಲಿನಲ್ಲಿ ಚರ್ಮ, ಪರದೆ, ಗಾಜಿನ ಚಾವಣಿ. ಆ ಚರ್ಮ ಮತ್ತು ಗಾಜಿಗೂ ತೂಕ ಇದೆ ಅನ್ನುವುದನ್ನು ನೆನಪಿಟ್ಟುಕೊಳ್ಳಿ, ಮುಂದೆ ಲೆಕ್ಕಕ್ಕೆ ಬೇಕು.

ಫೋರ್ಡ್: ಅಲ್ಯೂಮಿನಿಯಂ ಮೈ, ಟರ್ಬೊ ಹೃದಯ

2015ರ ಮಾದರಿಯಲ್ಲಿ ಫೋರ್ಡ್ ಎಫ್-150ರ ಇಡೀ ಮೈಯನ್ನೂ ಬೆಡ್ಡನ್ನೂ ಅಲ್ಯೂಮಿನಿಯಂಗೆ ಬದಲಿಸಿತು. ತೂಕ 700 ಪೌಂಡ್ ತನಕ ಇಳಿಯಿತು. ಅಡಿಯ ಫ್ರೇಮ್ ಮಾತ್ರ ಉಕ್ಕಿನದೇ. ಉಳಿದ ತೂಕದಲ್ಲಿ ಸಣ್ಣ ಎಂಜಿನ್ ಸಾಕಾಯಿತು: 2.7 ಲೀಟರ್ ಇಕೋಬೂಸ್ಟ್ (ಫೋರ್ಡ್ ತನ್ನ ಟರ್ಬೊ ಎಂಜಿನ್‌ಗೆ ಇಟ್ಟ ಹೆಸರು) ವಿ6 ಈಗ 325 ಎಚ್‌ಪಿ, 400 ಪೌಂಡ್-ಅಡಿ ಟಾರ್ಕ್ ಕೊಡುತ್ತದೆ. ಅದೇ ಕಂಪನಿಯ 5.0 ವಿ8 ಟಾರ್ಕ್ 410. ಹತ್ತು ಪೌಂಡ್-ಅಡಿಗಾಗಿ ವಿ8ಗೆ ಹೆಚ್ಚು ಹಣ ಕೊಡುವವರು ಸದ್ದಿಗಾಗಿ ಕೊಡುತ್ತಾರೆ ಅಷ್ಟೇ.

ಅಲ್ಯೂಮಿನಿಯಂ ತುಕ್ಕು ಹಿಡಿಯುವುದಿಲ್ಲ. ಮಿಷಿಗನ್, ಒಹಾಯೊ, ನ್ಯೂಯಾರ್ಕ್ ಕಡೆ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುತ್ತಾರಲ್ಲ, ಅಲ್ಲಿ ಉಕ್ಕಿನ ಚಕ್ರದ ಕಮಾನುಗಳು ಹತ್ತು ವರ್ಷದಲ್ಲಿ ತಿಂದುಹೋಗುತ್ತವೆ. ಫೋರ್ಡ್‌ನಲ್ಲಿ ಆ ಕಾಟವಿಲ್ಲ. ಆದರೆ ಫ್ರೇಮ್ ಉಕ್ಕಿನದೇ ಆದ್ದರಿಂದ ಹಳೇ ಗಾಡಿ ಕೊಳ್ಳುವಾಗ ಮೇಲೆ ಮಿಂಚುವ ಬಣ್ಣ ನೋಡಿ ಮೋಸ ಹೋಗದೆ ಅಡಿಗೆ ಟಾರ್ಚ್ ಹಾಕಿ ನೋಡಬೇಕು.

ತೊಂದರೆ ಎಲ್ಲಿ ಅಂದರೆ ಡಿಕ್ಕಿಯಾದ ಮೇಲೆ. ಈ ಮೈಯನ್ನು ಬೆಸುಗೆ ಹಾಕಿಲ್ಲ, ರಿವೆಟ್ ಮತ್ತು ಅಂಟಿನಿಂದ ಜೋಡಿಸಿದ್ದಾರೆ. ಉಕ್ಕಿನ ಪುಡಿ ಅಲ್ಯೂಮಿನಿಯಂ ಮೇಲೆ ಕೂತರೆ ಎರಡು ಲೋಹಗಳ ನಡುವೆ ಸವೆತ ಶುರುವಾಗಿ ಬಣ್ಣದಡಿ ಗುಳ್ಳೆ ಏಳುತ್ತದೆ. ಹಾಗಾಗಿ ಗ್ಯಾರೇಜಿನವರು ಅಲ್ಯೂಮಿನಿಯಂಗೆ ಪ್ರತ್ಯೇಕ ಜಾಗ, ಪ್ರತ್ಯೇಕ ಸಲಕರಣೆ ಇಟ್ಟಿರಬೇಕು. ನಿಮ್ಮ ಊರಲ್ಲಿ ಅಂಥದ್ದು ಇದೆಯೇ ಅಂತ ಕೊಳ್ಳುವ ಮುಂಚೆ ವಿಚಾರಿಸಿ. ವಿಮಾ ಕಂತನ್ನೂ ಮೂರು ಗಾಡಿಗೂ ಬೇರೆಬೇರೆ ಕೇಳಿ ನೋಡಿ. ಆಲಿಕಲ್ಲು ಬೀಳುವ ಟೆಕ್ಸಸ್, ಕೊಲರಾಡೊ ಕಡೆ ಇದು ಇನ್ನೂ ಮುಖ್ಯ, ಅಲ್ಯೂಮಿನಿಯಂನ ಗುಳಿಯನ್ನು ತಟ್ಟಿ ಸರಿಮಾಡುವುದು ಉಕ್ಕಿಗಿಂತ ಕಷ್ಟ. ಅಂದಹಾಗೆ, ಅಯಸ್ಕಾಂತದ ದೀಪ, ಆಂಟೆನಾ ಯಾವುದೂ ಈ ಗಾಡಿಗೆ ಅಂಟುವುದಿಲ್ಲ.

3.5 ಇಕೋಬೂಸ್ಟ್‌ನಲ್ಲಿ 2017ರಿಂದ 2020ರ ವರೆಗಿನ ಗಾಡಿಗಳಿಗೆ ಕ್ಯಾಮ್ ಫೇಸರ್ ಅನ್ನುವ ಭಾಗದ ಕಾಟ ಇದೆ. ರಾತ್ರಿಯೆಲ್ಲ ನಿಂತ ಗಾಡಿ ಸ್ಟಾರ್ಟ್ ಮಾಡಿದಾಗ ಎರಡು ಮೂರು ಸೆಕೆಂಡು ಡಬ್ಬಿಯಲ್ಲಿ ಕಲ್ಲು ಅಲ್ಲಾಡಿಸಿದ ಸದ್ದು ಬರುತ್ತದೆ, ಆಮೇಲೆ ಆಯಿಲ್ ಒತ್ತಡ ಏರಿ ನಿಂತುಬಿಡುತ್ತದೆ. ಎಂಜಿನ್‌ನ ಮುಂಭಾಗ ಪೂರ್ತಿ ಬಿಚ್ಚುವ ಕೆಲಸ ಅದು. ಟರ್ಬೊ ಗಾಡಿಯ ಆಯಿಲನ್ನು ಮೀಟರ್ ಹೇಳುವ ತನಕ ಕಾಯದೆ 5,000 ಮೈಲಿಗೊಮ್ಮೆ ಬದಲಿಸುವುದು ಒಳ್ಳೆಯದು.

ಫೋರ್ಡ್‌ನಲ್ಲಿ ಇನ್ನೊಂದಿದೆ, ಬೇರೆ ಇಬ್ಬರಲ್ಲಿ ಇಲ್ಲದ್ದು: 2021ರಿಂದ ಬಂದ ಪವರ್‌ಬೂಸ್ಟ್ ಹೈಬ್ರಿಡ್. ಹಿಂಬದಿ ಚಕ್ರ ಮಾತ್ರ ಎಳೆಯುವ ಮಾದರಿಗೆ ಆ ವರ್ಷ ಸರ್ಕಾರಿ ಲೆಕ್ಕದಲ್ಲಿ ಗ್ಯಾಲನ್‌ಗೆ 25 ಮೈಲಿ ಸಿಕ್ಕಿತು. ಅದಕ್ಕಿಂತ ಹೆಚ್ಚಾಗಿ ಬೆಡ್‌ನಲ್ಲಿ 7.2 ಕಿಲೋವ್ಯಾಟ್ ತನಕ ಕರೆಂಟ್ ತೆಗೆಯಬಹುದು. 2021ರ ಫೆಬ್ರುವರಿಯಲ್ಲಿ ಟೆಕ್ಸಸ್ ಹೆಪ್ಪುಗಟ್ಟಿ ವಿದ್ಯುತ್ ಹೋದಾಗ ಜನ ಇದರಿಂದ ಮನೆಯ ಹೀಟರ್, ಫ್ರಿಜ್ ಓಡಿಸಿದರು. ಒಂದು ತೊಡಕಿದೆ. ಸಾಮಾನ್ಯ ಇಂಟರ್‌ಲಾಕ್ (ಬೀದಿಯ ಕರೆಂಟ್, ಜನರೇಟರ್ ಎರಡೂ ಒಟ್ಟಿಗೆ ಆನ್ ಆಗದಂತೆ ತಡೆಯುವ ಪಟ್ಟಿ) ಮೂಲಕ ಇದನ್ನು ಮನೆಯ ಪ್ಯಾನೆಲ್‌ಗೆ ಜೋಡಿಸಿದರೆ ಟ್ರಕ್ಕಿನ ಸುರಕ್ಷಾ ಸ್ವಿಚ್ ಟ್ರಿಪ್ ಆಗುತ್ತದೆ. ಟ್ರಕ್ಕಿನೊಳಗೂ ಮನೆಯೊಳಗೂ ನ್ಯೂಟ್ರಲ್ಲನ್ನು ಅರ್ಥಿಂಗ್‌ಗೆ ಜೋಡಿಸಿರುವುದರಿಂದ ಕರೆಂಟಿಗೆ ವಾಪಸು ಹೋಗಲು ಎರಡು ದಾರಿ ಸಿಗುತ್ತವೆ, ಸ್ವಿಚ್ ಅದನ್ನು ಸೋರಿಕೆ ಎಂದು ತಿಳಿಯುತ್ತದೆ. ನ್ಯೂಟ್ರಲ್ಲನ್ನೂ ಕಡಿದು ಜೋಡಿಸುವ ಟ್ರಾನ್ಸ್‌ಫರ್ ಸ್ವಿಚ್ ಹಾಕಿಸಿ ಎಂದು ಎಲೆಕ್ಟ್ರಿಷಿಯನ್‌ಗೆ ಮೊದಲೇ ಹೇಳಿ.

ಜಿಎಂ: ಅಗಲದ ಬೆಡ್, ಹಳೇ ವಿ8

2016ರಲ್ಲಿ ಷೆವರ್ಲೆ ಒಂದು ಜಾಹೀರಾತು ಮಾಡಿತು: ಎರಡೂ ಟ್ರಕ್ಕಿನ ಬೆಡ್‌ಗೆ ಮೇಲಿಂದ ಕಲ್ಲು ಸುರಿಯುವುದು, ಫೋರ್ಡ್‌ನ ಅಲ್ಯೂಮಿನಿಯಂ ತೂತಾಗುವುದನ್ನು ತೋರಿಸುವುದು. ವಿಶೇಷವೆಂದರೆ 2019ರ ಹೊಸ ಸಿಲ್ವರಾಡೊದಲ್ಲಿ ಜಿಎಂ ತಾನೇ ಬಾಗಿಲು, ಬಾನೆಟ್, ಹಿಂಬಾಗಿಲನ್ನು ಅಲ್ಯೂಮಿನಿಯಂ ಮಾಡಿತು; ಬೆಡ್ ಮಾತ್ರ ಉಕ್ಕಿನದೇ ಉಳಿಸಿತು. ಎಲ್ಲಿ ಪೆಟ್ಟು ಬೀಳುತ್ತದೋ ಅಲ್ಲಿ ಉಕ್ಕು, ಬೀಳದ ಕಡೆ ಹಗುರ ಲೋಹ. ನಮ್ಮ ಮಟ್ಟಿಗೆ ಮೂವರಲ್ಲಿ ಇದೇ ಹೆಚ್ಚು ಜಾಣತನದ ಲೆಕ್ಕ.

ಬೆಡ್‌ನ ವಿಷಯಕ್ಕೆ ಬಂದರೆ ಸಿಲ್ವರಾಡೊ ಉಳಿದವರನ್ನು ಹಿಂದೆ ಹಾಕುತ್ತದೆ. ಗಿಡ್ಡ ಬೆಡ್‌ನಲ್ಲೇ ಸುಮಾರು 63 ಘನ ಅಡಿ ಹಿಡಿಯುತ್ತದೆ. ಎಫ್-150ರಲ್ಲಿ 53ಕ್ಕೆ ತುಸು ಕಡಿಮೆ, ರಾಮ್‌ನಲ್ಲಿ 54ಕ್ಕೆ ತುಸು ಕಡಿಮೆ. ಮಣ್ಣು, ಗೊಬ್ಬರ, ಮಲ್ಚ್ ತರುವವರಿಗೆ ಈ ಹತ್ತು ಘನ ಅಡಿ ಅಂದರೆ ಒಂದು ಟ್ರಿಪ್ ಉಳಿತಾಯ. 4 ಅಡಿ ಅಗಲದ ಪ್ಲೈವುಡ್ ಹಾಳೆ ಮೂರರಲ್ಲೂ ಚಕ್ರದ ಉಬ್ಬುಗಳ ನಡುವೆ ಚಪ್ಪಟೆ ಕೂರುತ್ತದೆ, ಅದರಲ್ಲಿ ಭೇದವಿಲ್ಲ. ಬೆಡ್ ಮೇಲೆ ಹತ್ತಲು ಬಂಪರ್ ಮೂಲೆಯಲ್ಲಿ ಕಾಲಿಡುವ ಗೂಡು ಕೊರೆದಿದ್ದಾರೆ. ಮೋಟರ್ ಇಲ್ಲ, ಕೆಡುವ ಮಾತಿಲ್ಲ.

ಎಂಜಿನ್‌ನಲ್ಲಿ ಜಿಎಂ 1955ರಿಂದ ಬಂದ ಸ್ಮಾಲ್-ಬ್ಲಾಕ್ ವಿ8 ಪರಂಪರೆಯನ್ನು ಬಿಟ್ಟುಕೊಟ್ಟಿಲ್ಲ. 2025ರ ಮೇನಲ್ಲಿ ಮುಂದಿನ ಪೀಳಿಗೆಯ ವಿ8 ಸಲುವಾಗಿ ನ್ಯೂಯಾರ್ಕ್‌ನ ಟೋನವಾಂಡಾ ಕಾರ್ಖಾನೆಗೆ 88.8 ಕೋಟಿ ಡಾಲರ್ ಘೋಷಿಸಿತು. ಆದರೆ ಮೈಲೇಜ್ ಗುರಿ ಮುಟ್ಟಲು ಈ ವಿ8ಗೆ ಒಂದು ಉಪಾಯ ಸೇರಿಸಿದ್ದಾರೆ: ಹೊರೆ ಕಡಿಮೆ ಇದ್ದಾಗ ಕೆಲವು ಸಿಲಿಂಡರ್‌ಗಳನ್ನು ಮಲಗಿಸುವುದು. ಇದಕ್ಕಾಗಿ ವಾಲ್ವ್ ತೆರೆಯುವ ಲಿಫ್ಟರ್‌ನೊಳಗೆ ಆಯಿಲ್ ಒತ್ತಡದಿಂದ ಸರಿಯುವ ಪುಟ್ಟ ಪಿನ್ ಇರುತ್ತದೆ. ಅದು ಸಿಕ್ಕಿಹಾಕಿಕೊಂಡರೆ ವಾಲ್ವ್ ಸರಿಯಾಗಿ ತೆರೆಯುವುದಿಲ್ಲ, ಎಂಜಿನ್ ನಡುಗುತ್ತದೆ, ಪಿ0300 ಎಂಬ ಮಿಸ್‌ಫೈರ್ ಕೋಡ್ ಬರುತ್ತದೆ. ಹಾಗೇ ಓಡಿಸಿದರೆ ಲಿಫ್ಟರ್ ಕ್ಯಾಮ್‌ಶಾಫ್ಟನ್ನೂ ತಿನ್ನುತ್ತದೆ. ಲಿಫ್ಟರ್ ಬದಲಿಸಲು ಸಿಲಿಂಡರ್ ಹೆಡ್ ಇಳಿಸಬೇಕು. ಆಯಿಲ್ ಬದಲಾವಣೆಯ ರಸೀದಿಗಳಿಲ್ಲದ 5.3 ಲೀಟರ್ ವಿ8 ಗಾಡಿಯನ್ನು ಎಷ್ಟೇ ಅಗ್ಗಕ್ಕೆ ಕೊಟ್ಟರೂ ಬಿಟ್ಟುಬಿಡಿ.

ಹೆಚ್ಚು ಹೆದ್ದಾರಿ, ದೂರದ ಎಳೆತ ಇರುವವರಿಗೆ 3.0 ಡ್ಯುರಾಮ್ಯಾಕ್ಸ್ ಡೀಸೆಲ್ ಒಳ್ಳೆಯ ಆಯ್ಕೆ, 2023ರಿಂದ 305 ಎಚ್‌ಪಿ, 495 ಪೌಂಡ್-ಅಡಿ. ಇದರ ಆಯಿಲ್ ಪಂಪ್ ಓಡಿಸುವ ಬೆಲ್ಟ್ ಎಂಜಿನ್‌ನ ಹಿಂಬದಿಯಲ್ಲಿ, ಆಯಿಲ್‌ನಲ್ಲೇ ಮುಳುಗಿ ತಿರುಗುತ್ತದೆ. ಮೊದಲ ಆವೃತ್ತಿಯಲ್ಲಿ 1,50,000 ಮೈಲಿಗೆ ಬದಲಿಸಬೇಕು, ಅದಕ್ಕೆ ಗೇರ್‌ಬಾಕ್ಸ್ ಕಳಚಬೇಕು. 1,30,000 ಓಡಿದ ಡೀಸೆಲ್ ಗಾಡಿ ಕೊಳ್ಳುವವರು ಈ ಖರ್ಚನ್ನು ಬೆಲೆಯಿಂದ ಮುರಿದುಕೊಂಡೇ ಚೌಕಾಸಿ ಮಾಡಲಿ. ಹಳೇ 8 ಗೇರ್ ಆಟೊಮ್ಯಾಟಿಕ್‌ನಲ್ಲಿ, ಗುಡುಗುಡು ಪಟ್ಟಿಯ ಮೇಲೆ ಹೋದಂಥ ನಡುಕ ಬರುತ್ತದೆ. ಫ್ಲುಯಿಡ್ ತೇವ ಹೀರುವುದು ಕಾರಣ, ಬದಲಿ ಫ್ಲುಯಿಡ್‌ನಿಂದ ಪೂರ್ತಿ ತೊಳೆದರೆ ಬಹುತೇಕ ಸರಿಹೋಗುತ್ತದೆ.

ರಾಮ್: ಹಿಂದಿನ ಸೀಟಿನವರ ಪಕ್ಷ

1994ರಲ್ಲಿ ಡಾಜ್ (ರಾಮ್ ಆಗ ಅದರದೇ ಪಿಕಪ್) ತನ್ನ ಪಿಕಪ್‌ಗೆ ದೊಡ್ಡ ಲಾರಿಯ ಮುಖ ಕೊಟ್ಟಿತು: ಎತ್ತರದ ಬಾನೆಟ್, ತಗ್ಗಿದ ಫೆಂಡರ್. ಮೂಲೆಯಲ್ಲಿದ್ದ ಕಂಪನಿ ಒಮ್ಮೆಗೇ ಪೈಪೋಟಿಗೆ ಬಂತು. ಇಂದು ಎಲ್ಲ ಪಿಕಪ್‌ಗಳೂ ಗೋಡೆಯಂಥ ಮುಖ ಹೊತ್ತಿರುವುದರಲ್ಲಿ ಅದರ ಪಾಲು ದೊಡ್ಡದು. ಮುಖ ಎತ್ತರವಾದುದರ ಬೆಲೆಯನ್ನು ಪಾದಚಾರಿಗಳು ತೆರುತ್ತಾರೆ. 40 ಇಂಚಿಗಿಂತ ಎತ್ತರದ ಬಾನೆಟ್ ಇರುವ ಗಾಡಿ ಗುದ್ದಿದರೆ, ತಗ್ಗಿದ ಇಳಿಜಾರು ಬಾನೆಟ್‌ನ ಗಾಡಿಗಿಂತ, ಪಾದಚಾರಿ ಸಾಯುವ ಸಂಭವ ಸುಮಾರು ಶೇ 45 ಹೆಚ್ಚು ಎಂದು ಅಮೆರಿಕದ ಹೆದ್ದಾರಿ ಸುರಕ್ಷತೆಯ ವಿಮಾ ಸಂಸ್ಥೆ 2023ರಲ್ಲಿ ಕಂಡುಕೊಂಡಿತು. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಮುಂದಿನ ಕ್ಯಾಮರಾ ಇಲ್ಲದ ಟ್ರಿಮ್ ತಗೊಳ್ಳಬೇಡಿ, ಯಾವ ಕಂಪನಿಯದೇ ಆಗಲಿ.

ರಾಮ್ ಹಣ ಹಾಕಿದ್ದು ಆಸನದಲ್ಲಿ ಕೂತವರಿಗೆ. 2009ರಿಂದ ಹಿಂದೆ ಪಟ್ಟಿ ಸ್ಪ್ರಿಂಗ್ ತೆಗೆದು ಕಾಯಿಲ್ ಸ್ಪ್ರಿಂಗ್ ಹಾಕಿತು. ಖಾಲಿ ಬೆಡ್ ಇದ್ದಾಗ ಪಟ್ಟಿ ಸ್ಪ್ರಿಂಗ್ ಗಾಡಿ ಗುಂಡಿಯಲ್ಲಿ ಕುಪ್ಪಳಿಸುತ್ತದೆ, ರಾಮ್ ತೇಲುತ್ತದೆ. ಊರಿಂದ ಬಂದ ಅಪ್ಪ ಅಮ್ಮನನ್ನು ಹಿಂದೆ ಕೂರಿಸಿಕೊಂಡು ಎಂಟು ಗಂಟೆ ಓಡಿಸುವವರಿಗೆ ಈ ಒಂದೇ ಕಾರಣ ಸಾಕು. ಆದರೆ ಹಿಚ್ (ಟ್ರೇಲರ್ ಕಟ್ಟುವ ಕೊಂಡಿ) ಮೇಲೆ ಭಾರ ಬಿದ್ದಾಗ ಕಾಯಿಲ್ ಸ್ಪ್ರಿಂಗ್ ಹೆಚ್ಚು ಕುಸಿಯುತ್ತದೆ. ಅದಕ್ಕೆ ಪರಿಹಾರವೆಂದು ಏರ್ ಸಸ್ಪೆನ್ಶನ್ ಮಾರುತ್ತಾರೆ. ವಾರಂಟಿ ಒಳಗೆ ಮಾರಿಬಿಡುವವರಿಗೆ ಅದು ಸರಿ. ಹತ್ತು ವರ್ಷ ಇಟ್ಟುಕೊಳ್ಳುವವರು ಬಿಡುವುದೇ ಲೇಸು. ಗಾಳಿ ಚೀಲ ಸೋರುತ್ತದೆ, ಕಂಪ್ರೆಸರ್ ಸುಸ್ತಾಗುತ್ತದೆ, ತೀರಾ ಚಳಿಯಲ್ಲಿ ಒಳಗಿನ ತೇವ ಹೆಪ್ಪುಗಟ್ಟಿ ಗಾಡಿ ಏಳುವುದೇ ಇಲ್ಲ.

ಎಂಜಿನ್ ವಿಷಯದಲ್ಲಿ ರಾಮ್ ಗಿರಾಕಿಗಳ ಕೈಯಲ್ಲಿ ಪಾಠ ಕಲಿಯಿತು. 2025ರ ಮಾದರಿಯಲ್ಲಿ 5.7 ಹೆಮಿ ವಿ8 ತೆಗೆದು 3.0 ಲೀಟರ್ ಅವಳಿ ಟರ್ಬೊ ಹರಿಕೇನ್ ಕೊಟ್ಟಿತು. ಕಾಗದದ ಮೇಲೆ ಹೊಸದೇ ಮೇಲು: 420 ಎಚ್‌ಪಿ, ಹೆಮಿಗೆ 395. ಜನ ಕೇಳಲಿಲ್ಲ. 2026ರ ಮಾದರಿಗೆ ಹೆಮಿ ವಾಪಸ್ ಬಂತು, ಜೊತೆಗೆ ಎಂಜಿನ್-ಗೇರ್‌ಬಾಕ್ಸ್‌ಗೆ 10 ವರ್ಷ ಅಥವಾ 1,00,000 ಮೈಲಿ ವಾರಂಟಿ. ಹೊಸದೇ ಕೊಳ್ಳುವವರಿಗೆ ರಾಮ್‌ನ ಪರವಾಗಿ ಇರುವ ಗಟ್ಟಿ ವಾದ ಈ ವಾರಂಟಿಯೇ.

ಹಳೇ ಹೆಮಿ ಕೊಳ್ಳುವಾಗ ಟಿಕ್ ಟಿಕ್ ಸದ್ದಿನ ಪರೀಕ್ಷೆ ಹೀಗೆ ಮಾಡಿ. ಬರುವ ಮುಂಚೆ ಸ್ಟಾರ್ಟ್ ಮಾಡಬೇಡಿ ಅಂತ ಮಾರುವವರಿಗೆ ಹೇಳಿ, ಹೋದ ತಕ್ಷಣ ಬಾನೆಟ್ ಮೇಲೆ ಕೈ ಇಟ್ಟು ತಣ್ಣಗಿದೆಯೇ ನೋಡಿ. ಬೆಚ್ಚಗಿದ್ದರೆ ಏನೋ ಮುಚ್ಚಿಡುತ್ತಿದ್ದಾರೆ. ತಣ್ಣಗಿದ್ದಾಗ ಜೋರಾಗಿ ಟಿಕ್ ಅನ್ನುತ್ತಾ ಹತ್ತು ನಿಮಿಷದಲ್ಲಿ ನಿಂತರೆ ಎಕ್ಸಾಸ್ಟ್ ಮ್ಯಾನಿಫೋಲ್ಡ್‌ನ ಬೋಲ್ಟ್ ತುಂಡಾಗಿದೆ; ಲೋಹ ಕಾದು ಹಿಗ್ಗಿದಾಗ ಸಂದು ಮುಚ್ಚಿಕೊಳ್ಳುತ್ತದೆ. ಚೌಕಾಸಿಗೆ ಒಳ್ಳೆಯ ಕಾರಣ, ಓಡಿಹೋಗುವ ಕಾರಣವಲ್ಲ. ಬಿಸಿಯಾದ ಮೇಲೂ ಟಿಕ್ ಉಳಿದರೆ ಅದು ಲಿಫ್ಟರ್, ಆಗ ವಾಪಸ್ ಬನ್ನಿ. ಈ ಎಂಜಿನ್‌ಗೆ ಸಿಲಿಂಡರ್‌ಗೆ ಎರಡರಂತೆ 16 ಸ್ಪಾರ್ಕ್ ಪ್ಲಗ್. 1,00,000 ಮೈಲಿ ಹತ್ತಿರ ಇದ್ದರೆ ಬದಲಿಸಿದ ರಸೀದಿ ಕೇಳಿ.

ಹಾಸಿಗೆ ಇದ್ದಷ್ಟೇ ಕಾಲು

ಜಾಹೀರಾತಿನಲ್ಲಿ ಎಲ್ಲರೂ 11,000, 13,000 ಪೌಂಡ್ ಎಳೆಯುತ್ತೇವೆ ಅನ್ನುತ್ತಾರೆ. ಆ ಅಂಕಿ ಬಿಡಿ. ಡ್ರೈವರ್ ಬಾಗಿಲು ತೆರೆದರೆ ಕಂಬದ ಮೇಲೆ ಹಳದಿ ಬಣ್ಣದ ಟೈರ್ ಚೀಟಿ ಇರುತ್ತದೆ, ಜನ ಮತ್ತು ಸಾಮಾನು ಸೇರಿ ಎಷ್ಟು ಪೌಂಡ್ ಮೀರಬಾರದು ಎಂದು ಬರೆದಿರುತ್ತದೆ. ನಂಬಬೇಕಾದ್ದು ಅದನ್ನು. ಒಂದೇ ಮಾದರಿಯ ಎರಡು ಗಾಡಿಯಲ್ಲೂ ಅದು ಬೇರೆ.

ಚೀಟಿಯಲ್ಲಿ 1,450 ಇದೆ ಅಂದುಕೊಳ್ಳಿ. ಗಂಡ, ಹೆಂಡತಿ, ಅಜ್ಜಿ, ಇಬ್ಬರು ಮಕ್ಕಳು ಸೇರಿ 590. ಸೈಕಲ್ಲು, ಐಸ್ ಪೆಟ್ಟಿಗೆ, ಅಡುಗೆ ಸಾಮಾನು 150. ಟ್ರೇಲರ್ ಸಮತೋಲನದ ಹಿಚ್ ತಾನೇ 90. ಒಟ್ಟು 830. ಉಳಿದದ್ದು 620. ಟ್ರೇಲರ್ ತೂಕದ ಶೇ 10ರಿಂದ 15ರಷ್ಟು ಹಿಚ್ ಮೇಲೆ ಕೂರುತ್ತದೆ. ಶೇ 13 ಹಿಡಿದರೆ 620ಕ್ಕೆ ಸರಿಹೋಗುವ ಟ್ರೇಲರ್ ಸುಮಾರು 4,770 ಪೌಂಡ್, ಅದೂ ನೀರು, ಗ್ಯಾಸ್ ತುಂಬಿದ ತೂಕ. 11,000 ಎಲ್ಲಿ, 4,770 ಎಲ್ಲಿ! ಗಾಜಿನ ಚಾವಣಿ, ಏರ್ ಸಸ್ಪೆನ್ಶನ್ ಇರುವ ಮೇಲಿನ ಟ್ರಿಮ್‌ನಲ್ಲಿ ಚೀಟಿಯ ಅಂಕಿ 1,200ರ ಆಸುಪಾಸಿಗೆ ಇಳಿಯುವುದು ಅಪರೂಪವಲ್ಲ. ಕ್ಯಾಂಪರ್ ಎಳೆಯುವ ಆಸೆ ಇದ್ದರೆ ನಡುವಿನ ಮೆಟ್ಟಿಲಿನಲ್ಲೇ ನಿಂತುಬಿಡಿ.

ಗ್ಯಾರೇಜನ್ನೂ ಅಳೆಯಿರಿ. 20 ಅಡಿ ಆಳ ಅಂದರೆ 240 ಇಂಚು. ಗಿಡ್ಡ ಬೆಡ್‌ನ 232 ಇಂಚಿನ ಗಾಡಿ ನುಗ್ಗುತ್ತದೆ, ಹಿಂದೆ ಓಡಾಡಲು ಜಾಗವಿಲ್ಲ. ಆರೂವರೆ ಅಡಿ ಆಸುಪಾಸಿನ ಬೆಡ್ ತಗೊಂಡರೆ 240 ದಾಟಿ ಬಾಗಿಲೇ ಮುಚ್ಚುವುದಿಲ್ಲ.

ಯಾರಿಗೆ ಯಾವುದು

ಉಪ್ಪಿನ ರಸ್ತೆಯ ಊರಿನಲ್ಲಿದ್ದು ದೀರ್ಘಕಾಲ ಇಟ್ಟುಕೊಳ್ಳುವವರಿಗೆ 2018ರ ನಂತರದ 2.7 ಇಕೋಬೂಸ್ಟ್ ಎಫ್-150 ನಮ್ಮ ಮೊದಲ ಆಯ್ಕೆ. ಕರೆಂಟ್ ಹೋಗುವ ಊರಿನವರು ಪವರ್‌ಬೂಸ್ಟ್ ನೋಡಲಿ. ಕಲ್ಲು ಮಣ್ಣು ಹೊರುವವರಿಗೆ, ವರ್ಷಕ್ಕೆ 20,000 ಮೈಲಿ ಹೆದ್ದಾರಿ ಓಡಿಸುವವರಿಗೆ ಡೀಸೆಲ್ ಸಿಲ್ವರಾಡೊ. ಬೆಡ್ ಬಹುತೇಕ ಖಾಲಿ, ಸೀಟು ಸದಾ ಭರ್ತಿ ಅನ್ನುವ ಮನೆಗೆ ಕಾಯಿಲ್ ಸ್ಪ್ರಿಂಗ್‌ನ ರಾಮ್, ಬಿಗ್ ಹಾರ್ನ್ ಟ್ರಿಮ್. ಡೆಟ್ರಾಯಿಟ್ ಸುತ್ತಮುತ್ತ ಈ ಕಂಪನಿಗಳಲ್ಲಿ ಕೆಲಸ ಮಾಡುವ ಕನ್ನಡಿಗರು ಬೇಕಾದಷ್ಟಿದ್ದಾರೆ. ಫೋರ್ಡ್‌ನ ಎಕ್ಸ್-ಪ್ಲಾನ್‌ನಂಥ ರಿಯಾಯಿತಿ ಸಂಖ್ಯೆಯನ್ನು ಗೆಳೆಯರಿಗೆ ಕೊಡಲು ಬರುತ್ತದೆ, ಕೇಳಿ ನೋಡಿ. ಬೆಲೆ ಮೊದಲೇ ನಿಗದಿಯಾಗಿರುವುದರಿಂದ ಡೀಲರ್ ಜೊತೆ ಗುದ್ದಾಟವೂ ಉಳಿಯುತ್ತದೆ.

ವಿದ್ಯುತ್ ಪಿಕಪ್‌ಗೆ ಈಗ ಆತುರ ಬೇಡ. ಟ್ರೇಲರ್ ಕಟ್ಟಿದರೆ ಓಡುವ ದೂರ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. 7,500 ಡಾಲರ್‌ನ ಕೇಂದ್ರ ತೆರಿಗೆ ರಿಯಾಯಿತಿ 2025ರ ಸೆಪ್ಟೆಂಬರ್‌ಗೆ ಮುಗಿದಿದೆ, ರಾಮ್ ತನ್ನ ಪೂರ್ಣ ವಿದ್ಯುತ್ ಟ್ರಕ್ಕನ್ನು ಮಾರುಕಟ್ಟೆಗೆ ಬರುವ ಮೊದಲೇ ಕೈಬಿಟ್ಟಿತು. ಸಿಲ್ವರಾಡೊ ಇವಿಯಲ್ಲಿ ಆಪಲ್ ಕಾರ್‌ಪ್ಲೇ ಕೂಡ ಇಲ್ಲ, ಪೆಟ್ರೋಲ್ ಸಿಲ್ವರಾಡೊದಲ್ಲಿ ಇದೆ.

ಜಿಎಂನ 6.2 ವಿ8 ಮೇಲೆ ಕಣ್ಣಿಟ್ಟವರಿಗೆ ಕೊನೆಯದಾಗಿ ಒಂದು ಪರೀಕ್ಷೆ. 2021ರಿಂದ 2024ರ ಈ ಎಂಜಿನ್‌ಗಳಲ್ಲಿ ಕನೆಕ್ಟಿಂಗ್ ರಾಡ್, ಕ್ರ್ಯಾಂಕ್‌ಶಾಫ್ಟ್ ದೋಷದಿಂದಾಗಿ 2025ರ ಏಪ್ರಿಲ್‌ನಲ್ಲಿ ಅಮೆರಿಕದಲ್ಲೇ ಸುಮಾರು 6 ಲಕ್ಷ ಗಾಡಿಗಳನ್ನು ವಾಪಸ್ ಕರೆದರು. ತಪಾಸಣೆಯಲ್ಲಿ ಪಾಸಾದವಕ್ಕೆ ಮೊದಲಿನ 0ಡಬ್ಲ್ಯೂ-20 ಬದಲು ದಪ್ಪ ಆಯಿಲ್ ಹಾಕಿ, ಫಿಲ್ಟರ್ ಬದಲಿಸಿ, ಆಯಿಲ್ ತುಂಬುವ ಮುಚ್ಚಳವನ್ನೂ ಹೊಸದು ಹಾಕುತ್ತಾರೆ. ಗಾಡಿಯ 17 ಅಕ್ಷರದ ವಿನ್ ಸಂಖ್ಯೆಯನ್ನು ಸರ್ಕಾರದ ರೀಕಾಲ್ ತಾಣದಲ್ಲಿ ಹಾಕಿ ನೋಡಿ, ಆಮೇಲೆ ಬಾನೆಟ್ ತೆರೆದು ಮುಚ್ಚಳ ಓದಿ. 0ಡಬ್ಲ್ಯೂ-40 ಅಂತ ಇದ್ದರೆ ಕೆಲಸ ಆಗಿದೆ. ಇನ್ನೂ 0ಡಬ್ಲ್ಯೂ-20 ಅಂತಲೇ ಇದ್ದು, ಎಂಜಿನ್ ಬದಲಿಸಿದ ಕಾಗದವೂ ಇಲ್ಲದಿದ್ದರೆ, ಡೀಲರ್ ಆ ಕೆಲಸ ಮುಗಿಸಿ ರಸೀದಿ ಕೊಡುವ ತನಕ ಚೆಕ್ ಬರೆಯಬೇಡಿ.